ಕೆನ್ನೆಯೊಳಗಿನ ಸೂಜಿ

ಮಾವ ತೀರಿಹೋಗಿ ಸಾವಿರ ದಿನ ತುಂಬಲು ಇನ್ನು ಐದು ವಾರ ಉಳಿದಿತ್ತು. ಸಾವಿರದ ದಿನದ ಊಟ ಸಣ್ಣ ಮಾತಲ್ಲ. ಅದೊಂದು ಮುಗಿದರೆ ಸತ್ತವರಿಗೆ ಮನೆಯವರು ಮಾಡಬೇಕಾದ್ದು ಬೇರೇನೂ ಇರುವುದಿಲ್ಲ. ಎಷ್ಟು ಕೋಳಿ, ಎಷ್ಟು ತೆಂಗಿನಕಾಯಿ, ಯಾರ ಮನೆಯಿಂದ ಚಾಪೆ ತರುವುದು ಎಂದು ಯೋಚಿಸುತ್ತ ಕುಸ್ವತಿ ಹಿತ್ತಲಲ್ಲಿ ಬಾಣಲೆ ಉಜ್ಜುತ್ತಿದ್ದಳು. ಆಗಲೇ ಅತ್ತೆ ರಸಿನೆಮ್ ಬಾವಿಕಟ್ಟೆಯ ಬಳಿ ಬಾಯಿ ಮುಕ್ಕಳಿಸಿದರು. ನೀರು ಎಡಗಡೆಯಿಂದ ತಾನಾಗಿ ಸುರಿದು ರವಿಕೆಯನ್ನು ತೋಯಿಸಿತು.

"ಕುಸ್, ನನ್ನ ಬಾಯಿ ನೋಡು. ಏನೋ ಆಗಿದೆ," ಅಂದರು.

ನೋಡಿದಳು. ಎಡಗಣ್ಣು ಮುಚ್ಚುತ್ತಿರಲಿಲ್ಲ, ತುಟಿಯ ಎಡತುದಿ ಕೆಳಗೆ ಜೋತುಬಿದ್ದಿತ್ತು. ಅರ್ಧ ಮುಖ ನಿದ್ದೆಗೆ ಬಿದ್ದಿದ್ದರೆ ಉಳಿದರ್ಧ ಗಾಬರಿಯಾಗಿ ಅದನ್ನು ಎಬ್ಬಿಸಲು ನೋಡುತ್ತಿತ್ತು.

"ಕೈ ಎತ್ತಿ, ಬಿಯುಂಗ್. ಎರಡೂ ಕೈ." ತಾಯಿಯನ್ನು ಆ ಕಡೆ ಬಿಯುಂಗ್ ಎನ್ನುತ್ತಾರೆ. ಗಂಡ ಕರೆಯುವಂತೆ ಕುಸ್ವತಿಯೂ ಹದಿನೇಳು ವರ್ಷದಿಂದ ಹಾಗೆಯೇ ಕರೆಯುತ್ತಿದ್ದಳು.

ಎರಡೂ ಕೈ ಮೇಲೆದ್ದವು. ಕಾಲೂ ಆಡುತ್ತಿತ್ತು. ಮಗ ತರ್ಸೋನೊ ಬೈಕಿನ ಸೀಟು ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದು, ತಾಯಿಯನ್ನು ಹಿಂದೆ ಕೂರಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಹೋದ. ಮಧ್ಯಾಹ್ನ ಮಾತ್ರೆಯ ಪೊಟ್ಟಣ, ಕಣ್ಣಿಗೆ ಹಾಕುವ ಹನಿ, ಒಂದು ಹಳದಿ ಚೀಟಿ ಹಿಡಿದು ವಾಪಸು ಬಂದ.

"ಪಾರ್ಶ್ವವಾಯು ಅಲ್ವಂತೆ. ಮುಖದ ನರ ಊದಿಕೊಂಡಿದೆಯಂತೆ. ಮುಂದಿನ ವಾರದಿಂದ ಕರೆಂಟ್ ಕೊಡಿಸ್ಬೇಕು."

ಓಣಿಯವರಿಗೆ ನರಗಿರದ ಮಾತು ಬೇಕಾಗಿರಲಿಲ್ಲ. ಅವರಿಗೆ ಕಾರಣ ನಲವತ್ತೇಳು ವರ್ಷದ ಹಿಂದೆಯೇ ಗೊತ್ತಿತ್ತು. ರಸಿನೆಮ್ ಹುಡುಗಿಯಾಗಿದ್ದಾಗ ಲೆಂಗ್ಗೆರ್ ಕುಣಿಯುತ್ತಿದ್ದರು. ಬಿದಿರಿನ ವಾದ್ಯ ಶುರುವಾದರೆ ಐದು ಹಳ್ಳಿಯ ಗಂಡಸರು ಸೇರುತ್ತಿದ್ದ ಕಾಲ ಅದು. ಹತ್ತೊಂಬತ್ತರ ವಯಸ್ಸಿನಲ್ಲಿ ತಂಡದ ಯಜಮಾನ ಅವರನ್ನು ಒಬ್ಬ ಮಂತ್ರವಾದಿಯ ಬಳಿ ಕರೆದೊಯ್ದು ಮುಖದಲ್ಲಿ ಮೂರು ಚಿನ್ನದ ಸೂಜಿ ಇಡಿಸಿದ, ಕೆನ್ನೆಗೊಂದೊಂದು, ಗದ್ದಕ್ಕೊಂದು. ಕೂದಲಿನಷ್ಟು ಸಣ್ಣದು. ಸುಸುಕ್ ಎನ್ನುತ್ತಾರೆ. ಅದು ಚರ್ಮದೊಳಗಿದ್ದರೆ ನೋಡಿದವನು ಕಣ್ಣು ಕೀಳಲಾರ ಎಂದು ನಂಬಿಕೆ. ಅದೇ ವರ್ಷ ಗದ್ದೆಯುಳ್ಳ ಮನೆಯ ಹುಡುಗ ಸನ್ವಿರ್ಯ, ನಿಶ್ಚಯವಾಗಿದ್ದ ಹೆಣ್ಣನ್ನೂ ಬಿಟ್ಟು, ಕುಣಿಯುವವಳನ್ನು ಮದುವೆಯಾಗಿ ಮನೆಯವರಿಂದ ಹೊರಬಿದ್ದ.

ಮಾವ ಸನ್ವಿರ್ಯನ ಬಾಯಿಂದಲೇ ಕುಸ್ವತಿ ಇದನ್ನು ಕೇಳಿದ್ದು ಮದುವೆಯಾಗಿ ಎರಡೇ ವಾರಕ್ಕೆ. ಊಟಕ್ಕೆ ಕೂತಿದ್ದರು.

"ನಾನಾಗಿ ಬರ್ಲಿಲ್ಲಮ್ಮ ಈ ಮನೆಗೆ," ಎಂದಿದ್ದ ಆತ, ಹೆಂಡತಿಯ ಕಡೆ ಚಮಚ ತೋರಿಸಿ. "ಇವಳ ಸೂಜಿ ಎಳ್ಕೊಂಡು ಬಂತು."

ರಸಿನೆಮ್ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ್ದರು. ಆ ಮಾತು ಆತ ಸಾಯುವವರೆಗೂ ಆ ಮನೆಯ ಪಲ್ಯ, ಉಪ್ಪಿನಕಾಯಿಯಂತೆ ದಿನಾ ಇರುತ್ತಿತ್ತು. ಸೂಜಿ ಇಟ್ಟವರು ಕಡ್ಡಿಗೆ ಪೋಣಿಸಿ ಸುಟ್ಟ ಮಾಂಸವನ್ನು ಕಡ್ಡಿಯಿಂದಲೇ ಕಚ್ಚಬಾರದು, ಬಟ್ಟೆ ಒಣಗಿಸಿದ ಹಗ್ಗದ ಕೆಳಗೆ ನುಸುಳಬಾರದು. ರಸಿನೆಮ್ ಮಾಂಸವನ್ನು ಕಡ್ಡಿಯಿಂದ ಬಿಡಿಸಿಕೊಂಡು ತಿನ್ನುತ್ತಿದ್ದರು, ಹಗ್ಗ ಬಂದರೆ ಹಿತ್ತಲು ಸುತ್ತಿ ಹೋಗುತ್ತಿದ್ದರು. ಎಲ್ಲರೂ ನೋಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ.

ತರ್ಸೋನೊನ ಪಾಲಿಗಂತೂ ಇದು ಪಾಪದ ಮಾತು. ಓಣಿಯ ಪ್ರಾರ್ಥನಾಮನೆಯಲ್ಲಿ ಐದು ಹೊತ್ತು ಆಜಾನ್ ಕೂಗುವವನು ಅವನು. ಈಚೆಗೆ ಮಕ್ಕಳಿಗೆ ಪಾಠ ಹೇಳುವ ಕೆಲಸವೂ ಸಿಕ್ಕಿತ್ತು.

"ಆಸ್ಪತ್ರೇಲಿ ಸೂಜಿ ಗೀಜಿ ಅಂತ ಬಾಯಿ ಬಿಡ್ಬೇಡ," ಎಂದ ಹೆಂಡತಿಗೆ. "ಅಲ್ಲಿ ಅರ್ಧ ನರ್ಸುಗಳು ನಮ್ಮೋರ ಹೆಂಡ್ತೀರೇ."

"ಕೇಳಿದ್ರೆ?"

"ಕೇಳಿದ್ರೆ ಇಲ್ಲ ಅನ್ನು."

ಕೇಳಿಯೇ ಕೇಳಿದರು. ಫಿಸಿಯೋಥೆರಪಿ ಕೋಣೆಯಲ್ಲಿದ್ದ ಗಲಿಹ್ ಇನ್ನೂ ಚಿಗುರು ಗಡ್ಡದ ಯುವಕ. ಒಂದು ಹಾಳೆ ಹಿಡಿದು ಒಂದೊಂದೇ ಓದಿದ.

"ಎದೇಲಿ ಪೇಸ್‌ಮೇಕರ್ ಇದೆಯಾ ನಿನಿ? ಫಿಟ್ಸ್ ಬರುತ್ತಾ? ಮುಖದ ಮೇಲೆ ಗಾಯ, ಹುಣ್ಣು? ಮೈಯಲ್ಲಿ ಎಲ್ಲಾದ್ರೂ ಲೋಹ?" ಅಜ್ಜಿಯಂದಿರನ್ನು ಎಲ್ಲರೂ ನಿನಿ ಎನ್ನುತ್ತಿದ್ದರು, ಅವನೂ ಅಂದ.

ರಸಿನೆಮ್ ಫ್ಯಾನು ನೋಡುತ್ತಿದ್ದರು.

"ಇಲ್ಲ," ಎಂದಳು ಕುಸ್ವತಿ, ರುಜು ಹಾಕಿದಳು.

ಗಲಿಹ್ ಹತ್ತಿಯಿಂದ ಕೆನ್ನೆ ಸವರಿ, ಕಡ್ಡಿಯ ಚೂಪು ತುದಿಯಿಂದ ಮುಟ್ಟಿ, ಯಾವುದು ಮೆತ್ತಗೆ, ಯಾವುದು ಚೂಪು ಎಂದು ಕೇಳಿದ. ಮುಖವನ್ನು ಸ್ವಚ್ಛವಾಗಿ ಒರೆಸಿದ. ಪೆನ್ನಿನಂಥದ್ದೊಂದನ್ನು ಒದ್ದೆ ಮಾಡಿ ತುಟಿಯ ಪಕ್ಕ ಇಟ್ಟು, ತಿರುಗಣೆಯನ್ನು ಸೊನ್ನೆಯಿಂದ ಕೂದಲೆಳೆಯಷ್ಟು ತಿರುಗಿಸಿದ.

"ಇರುವೆ ಓಡಾಡಿದ ಹಾಗಾಗ್ಬೇಕು, ಅಷ್ಟೇ. ಚುಚ್ಚಿದ್ರೆ ಹೇಳಿ, ಉರಿದ್ರೆ ಕೂಡ್ಲೇ ಹೇಳಿ. ತಡ್ಕೊಂಡ್ರೆ ಬೇಗ ವಾಸಿಯಾಗುತ್ತೆ ಅನ್ನೋದೆಲ್ಲ ಸುಳ್ಳು."

ಜೋತುಬಿದ್ದ ತುಟಿ ಪಟಕ್ಕನೆ ಮೇಲೆದ್ದು ಬಿತ್ತು. ಜೊತೆಗೆ ಬಂದಿದ್ದ ಮೊಮ್ಮಗಳು ಸೆಪ್ತಿ, ಹದಿನೈದರ ಹುಡುಗಿ, ಚಪ್ಪಾಳೆ ತಟ್ಟಿದಳು.

"ನಿನಿ ನಗ್ತಿದಾರೆ!"

"ನಗ್ತಿರೋದು ನಾನಲ್ಲ, ಕರೆಂಟು," ಎಂದರು ರಸಿನೆಮ್ ಬಾಯಿಯ ಸರಿಯಿದ್ದ ಮೂಲೆಯಿಂದ.

ವಾರಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಮಿಕ್ಕಂತೆ ಕನ್ನಡಿ ಮುಂದೆ ಹುಬ್ಬು ಏರಿಸುವುದು, ಗಾಳಿ ಊದುವುದು, ಮಲಗುವಾಗ ಕಣ್ಣಿಗೆ ಪಟ್ಟಿ. "ಇದು ಬಹಳ ಜನಕ್ಕೆ ತಾನಾಗೇ ವಾಪಸು ಬರುತ್ತೆ. ಎರಡು ತಿಂಗ್ಳು, ಮೂರು ತಿಂಗ್ಳು. ಆತುರ ಬೇಡ," ಎಂದ ಗಲಿಹ್.

ಆತುರವೆಲ್ಲ ತರ್ಸೋನೊನದು. ರಾತ್ರಿ ಊಟಕ್ಕೆ ಕೂತಾಗ ತಾಯಿಯ ಬಾಯಿಂದ ಸೊಪ್ಪಿನ ಸಾರು ಗದ್ದದ ಮೇಲೆ ಇಳಿಯುವುದನ್ನು ನೋಡಿ ತಟ್ಟೆ ಸರಿಸಿದ.

"ಮೂರು ತಿಂಗ್ಳಾ? ಸಾವಿರದ ದಿನ ನಾಲ್ಕು ವಾರಕ್ಕಿದೆ. ಅಪ್ಪನ ಕಡೆಯೋರೆಲ್ಲ ಬರ್ತಾರೆ. ನಲವತ್ತು ವರ್ಷ ಈ ಕಡೆ ತಲೇನೂ ಹಾಕದೇ ಇದ್ದೋರು. ಈ ಮುಖ ನೋಡಿ ಏನಂತಾರೆ ಗೊತ್ತಲ್ಲ?"

"ಏನಂತಾರೆ?" ಎಂದಳು ಸೆಪ್ತಿ.

"ನೀನು ತಿನ್ನು."

"ಸೂಜಿ ತಿರುಗಿಬಿತ್ತು ಅಂತಾರೆ," ಎಂದರು ರಸಿನೆಮ್, ಬಟ್ಟೆಯಿಂದ ಗದ್ದ ಒರೆಸಿಕೊಳ್ಳುತ್ತ.

ಐದು ದಿನಕ್ಕೆ ಪಾರ್ಸೆಲ್ ಬಂತು. ಅಂಗೈಯಗಲದ ಬಿಳಿ ಡಬ್ಬಿ, ಎರಡು ವೈರು, ನಾಲ್ಕು ಅಂಟುಪಟ್ಟಿ, ಇಪ್ಪತ್ತರವರೆಗೆ ತಿರುಗುವ ಗುಂಡಿ. ತರ್ಸೋನೊ ಫೋನಿನಲ್ಲಿ ಹುಡುಕಿ ತರಿಸಿದ್ದ. ಜೊತೆಗಿದ್ದ ಕಾಗದವನ್ನು ಸೆಪ್ತಿ ಫೋನು ಹಿಡಿದು ಅನುವಾದ ಮಾಡಿಸಿಕೊಂಡು ಓದಿದಳು.

"ಮುಖಕ್ಕೆ, ಕತ್ತಿಗೆ ಹಾಕ್ಬಾರ್ದು ಅಂತ ಇದೆ, ಅಪ್ಪ."

"ಎಲ್ಲದರ ಮೇಲೂ ಹಂಗೇ ಬರೀತಾರೆ. ಪೆಟ್ರೋಲ್ ಬಂಕಲ್ಲಿ ಸಿಗರೇಟ್ ಸೇದ್ಬಾರ್ದು ಅಂತಾನೂ ಬರ್ದಿರ್ತಾರೆ."

"ನೀವು ಅಲ್ಲಿ ಸೇದ್ತೀರಾ?"

"ಬಾಯಿ ಜಾಸ್ತಿಯಾಯ್ತು ನಿನಗೆ. ಹೋಗಿ ಓದ್ಕೋ."

ಡಬ್ಬಿ ಕುಸ್ವತಿಯ ಪಾಲಿಗೆ ಬಂತು, ಆ ಮನೆಯ ಎಲ್ಲ ಕೆಲಸವೂ ಬಂದಂತೆ. ಬೆಳಿಗ್ಗೆ ಸೋಯಾಕಾಳಿನ ತೆಂಪೆಯನ್ನು ತೆಳ್ಳಗೆ ಕೊಯ್ದು ಹಿಟ್ಟು ಕಲಸಬೇಕು. ಹತ್ತು ಗಂಟೆಗೆ ಮನೆಯ ಮುಂದಿನ ಗಾಡಿಯಲ್ಲಿ ಎಣ್ಣೆ ಕಾಯಿಸಿ ಮೆಂದೋಆನ್ ಕರಿಯಲು ನಿಲ್ಲಬೇಕು. ಅದಕ್ಕೆ ಮುಂಚೆ ಅತ್ತೆಯ ಕೆನ್ನೆ. ಮೊದಲು ಹಸಿರು ಸೀಸೆಯ ಮುಲಾಮು ಉಜ್ಜಿದಳು. ಆ ಮನೆಯಲ್ಲಿ ತಲೆನೋವಿರಲಿ, ಹೊಟ್ಟೆ ಉಬ್ಬರವಿರಲಿ, ಸುಸ್ತಿರಲಿ, ಮೊದಲು ಮುಲಾಮು. ಮುಖಕ್ಕೆ ಥಂಡಿಗಾಳಿ ಹೊಕ್ಕಿದ್ದಕ್ಕೇ ಹೀಗಾದದ್ದು ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಮುಲಾಮಿನ ಮೇಲೆ ಪಟ್ಟಿ ಅಂಟಿಸಿ ಗುಂಡಿಯನ್ನು ನಾಲ್ಕಕ್ಕೆ ಇಟ್ಟಳು.

"ಏನಾದ್ರೂ ಆಗ್ತಿದೆಯಾ ಬಿಯುಂಗ್?"

"ಬೆಚ್ಚಗಿದೆ."

ಮರುದಿನ ಆರು, ಅದರ ಮರುದಿನ ಒಂಬತ್ತು. ಉರಿ ಮುಲಾಮಿನದೋ ಕರೆಂಟಿನದೋ ರಸಿನೆಮ್‌ಗೆ ತಿಳಿಯುತ್ತಿರಲಿಲ್ಲ. ತಿಳಿದರೂ ಹೇಳುವ ಹೆಂಗಸಲ್ಲ ಆಕೆ. ನೋವು ಎಂಬ ಮಾತು ಆಕೆಯ ಬಾಯಿಂದ ಕುಸ್ವತಿ ಕೇಳಿಯೇ ಇರಲಿಲ್ಲ.

ನಾಲ್ಕನೆಯ ದಿನ, ಇನ್ನೂ ಪಟ್ಟಿ ಅಂಟಿಸಿ ಎರಡು ನಿಮಿಷವಾಗಿರಲಿಲ್ಲ, ಶಾಲೆಯ ಮೇಷ್ಟರುಗಳ ವ್ಯಾನು ಬಂದು ನಿಂತಿತು. ಅರುವತ್ತು ಮೆಂದೋಆನ್, ಬಿಸಿಬಿಸಿ, ಹಸಿಮೆಣಸಿನಕಾಯಿ ಜಾಸ್ತಿ. ಕುಸ್ವತಿ ಎಣ್ಣೆಯ ಮುಂದೆ ನಿಂತಳು. ಕೊನೆಯ ಪೊಟ್ಟಣ ಕಟ್ಟಿ ಕೈ ಒರೆಸಿಕೊಂಡಾಗ ನಲವತ್ತು ನಿಮಿಷ ಕಳೆದಿತ್ತು. ಒಳಗೆ ಓಡಿದಳು. ರಸಿನೆಮ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ತುಟಿ ಕುಣಿಯುತ್ತಲೇ ಇತ್ತು.

ಪಟ್ಟಿ ಕಿತ್ತಾಗ ಚರ್ಮವೂ ಸ್ವಲ್ಪ ಬಂತು. ಎಡಗೆನ್ನೆಯ ನಟ್ಟನಡುವೆ ಬಿಲ್ಲೆಯಗಲದ ಕೆಂಪು, ಅದರ ನಡುವೆ ನೀರುಗುಳ್ಳೆ.

ರಸಿನೆಮ್ ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ಸೂಜಿ ಇರೋ ಜಾಗ," ಅಂದರು. "ಕಾದಿದೆ."

ಕುಸ್ವತಿಗೆ ಆಗ ಏನೂ ಅನ್ನಿಸಲಿಲ್ಲ. ಹೆದರಿಕೆ ಆಗಬೇಕಿತ್ತು, ಅಯ್ಯೋ ಅನ್ನಿಸಬೇಕಿತ್ತು. ಅದರ ಬದಲು ಯಾರೋ ಭುಜದ ಮೇಲಿನ ಮೂಟೆ ಇಳಿಸಿಕೊಂಡಂತಾಯಿತು, ಅಷ್ಟೇ. ಸೂಜಿ ಕಾದಿದೆ. ಸರಿ ಹಾಗಾದರೆ.

"ಮಿಷನ್‌ದು ಅದು," ಎಂದಳು ಸಂಜೆ ಶಾಲೆಯಿಂದ ಬಂದ ಸೆಪ್ತಿ. "ನಾನು ಹೇಳ್ಲಿಲ್ವಾ? ಅಮ್ಮ, ಎಷ್ಟು ಹೊತ್ತು ಇಟ್ಟಿದ್ದೆ?"

"ಹತ್ತು ನಿಮಿಷ," ಎಂದಳು ಕುಸ್ವತಿ.

ರಸಿನೆಮ್ ಸೊಸೆಯ ಕಡೆ ಒಮ್ಮೆ ನೋಡಿ ಚಹಾದ ಲೋಟಕ್ಕೆ ಸ್ಟ್ರಾ ಹಾಕಿಕೊಂಡರು.

ತರ್ಸೋನೊ ಡಬ್ಬಿಯನ್ನು ಬೀರುವಿನ ಮೇಲೆ ತಳ್ಳಿದ. "ಇದರ ವಿಷ್ಯ ಅಲ್ಲಿ ಎತ್ಬೇಡಿ. ಬೈದು ಹೆಸರು ಹೊಡೆದು ಹಾಕ್ತಾರೆ."

"ಸೂಜಿ ವಿಷ್ಯಾನೂ ಎತ್ಬಾರ್ದು, ಮಿಷನ್ ವಿಷ್ಯಾನೂ ಎತ್ಬಾರ್ದು," ಎಂದಳು ಸೆಪ್ತಿ. "ಮತ್ತೆ ಏನಾಯ್ತು ಅಂತ ಹೇಳೋದು? ಸೊಳ್ಳೆ ಕಚ್ತು ಅಂತಾನಾ?"

ಅವಳು ತನ್ನ ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ತಿಂದಳು.

ಗುಳ್ಳೆ ನೋಡಿದ ಗಲಿಹ್‌ನ ಮುಖ ಬಿಳುಚಿತು. ಪೆನ್ನು ಕೆಳಗಿಟ್ಟ.

"ಮನೇಲಿ ಏನಾದ್ರೂ ಹಚ್ಚಿದ್ರಾ? ಬಿಸಿ ಶಾಖ? ಬೇರೆ ಮಿಷನ್ನು?"

"ಇಲ್ಲ," ಎಂದಳು ಕುಸ್ವತಿ. ಆ ಮಾತು ಎರಡನೆಯ ಸಲ ಇನ್ನೂ ಸಲೀಸಾಗಿ ಬಂತು.

"ಹಾಗಾದ್ರೆ ನನ್ನ ಕೈಯಲ್ಲೇ ಆಗಿದ್ದು." ಅವನು ಕುರ್ಚಿ ಎಳೆದುಕೊಂಡು ಕೂತು, ಒಂದು ಹೊಸ ಹಾಳೆ ತೆಗೆದು, ತನ್ನ ಹೆಸರನ್ನು ತಾನೇ ಮೇಲೆ ಬರೆದುಕೊಂಡ. "ಗಾಯ ಮಾಗೋ ತನಕ ಕರೆಂಟ್ ಬೇಡ ನಿನಿ. ಕ್ಷಮಿಸಿ."

ಮುಂದಿನ ವಾರ ಗಾಯಕ್ಕೆ ಪಟ್ಟಿ ಬದಲಿಸಲು ಹೋದಾಗ ಯಂತ್ರದ ಮುಂದೆ ಹಿರಿಯ ಹೆಂಗಸೊಬ್ಬರು ಇದ್ದರು. ಗಲಿಹ್ ಮೂಲೆಯ ಮೇಜಿನಲ್ಲಿ ಟವೆಲುಗಳನ್ನು ಮಡಚುತ್ತಿದ್ದ. ವಿಚಾರಣೆ ಮುಗಿಯುವ ತನಕ ರೋಗಿಗಳನ್ನು ಮುಟ್ಟುವಂತಿಲ್ಲವಂತೆ. ಕುಸ್ವತಿಯನ್ನು ಕಂಡು ತಲೆಬಾಗಿ ನಮಸ್ಕರಿಸಿದ. ಅದು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದಳು.

ಮಡಚಿಟ್ಟ ಟವೆಲಿನ ರಾಶಿಯ ಪಕ್ಕ ನಿಂತು ಪಿಸುಗುಟ್ಟಿದಳು. "ಇವರೇ, ನಿಮ್ಮ ತಪ್ಪಲ್ಲ. ನಮ್ಮ ಅತ್ತೆ ಮುಖದಲ್ಲಿ ಸೂಜಿ ಇದೆ. ಸುಸುಕ್. ಆವತ್ತು ನಾನು ಇಲ್ಲ ಅಂದೆ."

ಹೇಳುವಾಗ ಒಂದೇ ಕಲ್ಲಿಗೆ ಅವನನ್ನೂ ಉಳಿಸಿದೆ, ತನ್ನನ್ನೂ ಉಳಿಸಿಕೊಂಡೆ ಎಂಬ ಲೆಕ್ಕ ಅವಳ ತಲೆಯಲ್ಲಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅತ್ತೆಯ ಗುಟ್ಟಿನ ಅಡಿ ತನ್ನ ನಲವತ್ತು ನಿಮಿಷ ಹೂತುಹೋಗಲಿ ಎಂದೇ ಅವಳು ಬಾಯಿ ಬಿಟ್ಟದ್ದು.

ಗಲಿಹ್‌ಗೆ ಆಶ್ಚರ್ಯವೇನೂ ಆಗಲಿಲ್ಲ. "ಇಂಥೋರು ಬರ್ತಾರೆ. ಯಾರೂ ಹೇಳಲ್ಲ. ಎಕ್ಸ್-ರೇ ತೆಗೆದ್ರೆ ಮುಖದ ತುಂಬ ಅಕ್ಕಿನುಚ್ಚು ಚೆಲ್ಲಿದ ಹಾಗಿರುತ್ತೆ." ಅವನ ದನಿಯಲ್ಲಿ ಜೀವ ಬಂದಿತ್ತು. "ಚರ್ಮದ ಕೆಳಗೇ ಲೋಹ ಇದ್ರೆ ಕರೆಂಟ್ ಅಲ್ಲೇ ಗುಡ್ಡೆಯಾಗ್ಬಹುದು. ಒಂದು ಎಕ್ಸ್-ರೇ ತೆಗೆಸೋಣ. ಎಲ್ಲೆಲ್ಲಿದೆ ಗೊತ್ತಾದ್ರೆ ಆ ಜಾಗ ಬಿಟ್ಟು ಮಾಡ್ಬಹುದು."

ಬೆಂಚಿನ ಮೇಲೆ ಕೂತಿದ್ದ ರಸಿನೆಮ್‌ಗೆ ಅವನೇ ಬಂದು ಹೇಳಿದ. ಅವರು ಸೊಸೆಯ ಮುಖವನ್ನು ದೀರ್ಘವಾಗಿ ನೋಡಿದರು. ಸಿಟ್ಟು ಕಾಣಲಿಲ್ಲ. ಕಾಣುವಂತೆ ಆ ಮುಖ ಆಡುತ್ತಲೂ ಇರಲಿಲ್ಲ.

"ನಿನ್ನ ಮಾವ ಇಡೀ ಊರಿಗೆ ಹೇಳಿದ್ರು," ಎಂದರು ಏಳುತ್ತ. "ನೀನು ಒಬ್ಬನಿಗೆ ಹೇಳ್ದೆ. ನಡಿ."

ಎಕ್ಸ್-ರೇ ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಗಲಿಹ್ ನೋಡಿದ, ಆ ಹಿರಿಯ ಹೆಂಗಸು ನೋಡಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಏನೂ ಇಲ್ಲ ನಿನಿ."

"ಇದೆ. ಇಲ್ಲೊಂದು, ಇಲ್ಲೊಂದು, ಗದ್ದದಲ್ಲೊಂದು." ರಸಿನೆಮ್ ತಮ್ಮ ಮುಖದ ಮೇಲೆ ತೋರಿಸಿದರು. "ನನ್ನ ಕಣ್ಣೆದುರಿಗೇ ಇಟ್ಟ. ಅಂಗೈಲಿಟ್ಟು ತೋರ್ಸಿದ, ಊದಿದ, ಒತ್ತಿದ. ಮಾಯವಾಯ್ತು."

"ಚಿನ್ನ ಕರಗಲ್ಲಮ್ಮ," ಎಂದರು ಹಿರಿಯ ಹೆಂಗಸು ಮೆತ್ತಗೆ. "ಇಲ್ನೋಡಿ, ಹಲ್ಲಿಗೆ ತುಂಬಿಸಿದ್ದು ಹೆಂಗೆ ಬೆಳ್ಳಗೆ ಕಾಣ್ತಿದೆ. ಒಳಗಿದ್ದಿದ್ರೆ ಸೂಜೀನೂ ಹಿಂಗೇ ಕಾಣ್ಬೇಕಿತ್ತು. ಅವನು ಬೆರಳ ಸಂದೀಲಿ ಅಡಗಿಸ್ಕೊಂಡಿರ್ತಾನೆ."

"ಇನ್ನೊಂದು ಸಲ ತೆಗೀರಿ."

ಇನ್ನೊಂದು ಸಲ, ಪಕ್ಕದಿಂದ ತೆಗೆದರು. ಹಲ್ಲು, ದವಡೆ, ಕಣ್ಣಿನ ಗುಳಿ. ಸೂಜಿ ಇರಲಿಲ್ಲ.

ಗಲಿಹ್ ಫಿಲ್ಮಿನಿಂದ ತಿರುಗಿ ಕುಸ್ವತಿಯ ಕಡೆ ನೋಡಿದ. ಮತ್ತೆ ಬಿಳುಚಿಕೊಂಡಿದ್ದ. "ಹಾಗಾದ್ರೆ ಸುಟ್ಟಿದ್ದು ಯಾವ್ದು?"

ಇನ್ನು ಅಡಗಿಕೊಳ್ಳಲು ಜಾಗವಿರಲಿಲ್ಲ. "ಮನೇಲಿ ಮಿಷನ್ ಇದೆ," ಎಂದಳು. "ಒಂಬತ್ತಕ್ಕೆ ಇಟ್ಟಿದ್ದೆ. ಮುಲಾಮು ಉಜ್ಜಿ ಅದರ ಮೇಲೆ ಪಟ್ಟಿ ಹಾಕ್ದೆ. ಗಿರಾಕಿ ಬಂದ್ರು. ನಲವತ್ತು ನಿಮಿಷ ಆಯ್ತು."

ಯಾರೂ ಕೂಗಾಡಲಿಲ್ಲ. ಗಲಿಹ್ ತನ್ನ ಹೆಸರಿದ್ದ ಹಾಳೆಯನ್ನು ಹುಡುಕಿ ತೆಗೆದು, ಅವಳ ಎದುರಿಗೇ ಮೊದಲಿನ ಸಾಲು ಹೊಡೆದುಹಾಕಿ, ಹೇಳಿದ್ದನ್ನೆಲ್ಲ ಬರೆದುಕೊಂಡು ಅವಳ ರುಜು ತೆಗೆದುಕೊಂಡ.

"ಮುಲಾಮಿನ ಜಿಡ್ಡಿಗೆ ಪಟ್ಟಿ ಸರಿಯಾಗಿ ಅಂಟಲ್ಲ. ಅಂಟಿರೋ ಅಷ್ಟೇ ಜಾಗದಲ್ಲಿ ಕರೆಂಟೆಲ್ಲ ಒಳಗೆ ನುಗ್ಗುತ್ತೆ. ಮುಲಾಮಿನ ಉರೀಲಿ ಸುಡೋದು ಗೊತ್ತಾಗಲ್ಲ. ಆ ಡಬ್ಬಿ ಸೊಂಟಕ್ಕೋ ತೊಡೆಗೋ ಮಾಡಿದ್ದು, ಮುಖಕ್ಕಲ್ಲ." ಹಾಳೆಯನ್ನು ಮಡಚಿಟ್ಟ. "ಒಂದು ಮಾತು ಹೇಳಿದ್ರೆ ಸಾಕಿತ್ತು, ಅಕ್ಕ. ಒಂದು ವಾರದಿಂದ ನಮ್ಮಮ್ಮನಿಗೆ ಮುಖ ತೋರ್ಸಿಲ್ಲ ನಾನು."

ಕುಸ್ವತಿ ತಲೆ ತಗ್ಗಿಸಿದಳು. ರಸಿನೆಮ್‌ಗೆ ಇದ್ಯಾವುದೂ ಕೇಳಿಸಿದಂತಿರಲಿಲ್ಲ. ಅವರು ಇನ್ನೂ ಫಿಲ್ಮಿನ ಮುಂದೆಯೇ ನಿಂತಿದ್ದರು.

ವಿಷಯ ಕೇಳಿದ ತರ್ಸೋನೊ ಮೊದಲು ಎರಡೂ ಕೈಯಿಂದ ಮುಖ ಸವರಿಕೊಂಡು "ಅಲ್‌ಹಮ್ದುಲಿಲ್ಲಾ" ಅಂದ. ಮನೆಗೆ ಅಂಟಿದ್ದ ಕಳಂಕ ತೊಳೆದುಹೋಯಿತು, ಊರೆಲ್ಲ ಕೇಳುವಂತೆ ಹೇಳಬಹುದು, ಬೇಕಾದರೆ ಫಿಲ್ಮನ್ನೇ ಗೋಡೆಗೆ ಹಾಕಬಹುದು ಎಂದ. ಆಮೇಲೆ ಹೆಂಡತಿಯ ಮೇಲೆ ತಿರುಗಿದ.

"ಮಿಷನ್ ವಿಷ್ಯ ಯಾಕೆ ಹೇಳ್ದೆ? ನಿನ್ನ ಬಾಯಿಗೆ ಬೀಗ ಇಲ್ವಾ?"

"ಇತ್ತು ಮಾಸ್," ಎಂದಳು ಕುಸ್ವತಿ. ಗಂಡನನ್ನು ಅವಳು ಕರೆಯುತ್ತಿದ್ದುದು ಹಾಗೆ. "ಆ ಹುಡುಗನ ಕೆಲ್ಸ ಹೋಗ್ತಿತ್ತು."

"ಬಿಯುಂಗ್, ನೀವಾದ್ರೂ ಖುಷಿಪಡಿ!" ಎಂದ ತರ್ಸೋನೊ ತಾಯಿಗೆ. "ಇಷ್ಟು ವರ್ಷ ಸುಮ್ಸುಮ್ನೆ ಹೆದರ್ಕೊಂಡಿದ್ರಿ."

ರಸಿನೆಮ್ ಗಂಜಿ ಕುಡಿಯುತ್ತಿದ್ದರು. ಖುಷಿಪಟ್ಟ ಹಾಗೆ ಕಾಣಲಿಲ್ಲ.

ಮೂರು ದಿನ ಅವರು ಕನ್ನಡಿ ಮುಂದೆ ಕೂತು ಹುಬ್ಬು ಏರಿಸುತ್ತಿದ್ದರು, ಹೇಳಿಕೊಟ್ಟಂತೆ ಹತ್ತು ಸಲ. ನಾಲ್ಕನೆಯ ದಿನ ಕುಸ್ವತಿ ಸಾವಿರದ ದಿನಕ್ಕೆಂದು ಕೊಬ್ಬರಿ ತುರಿಯುತ್ತಿದ್ದಾಗ ಬಂದು ಎದುರಿಗೆ ಮಣೆ ಹಾಕಿಕೊಂಡು ಕೂತರು.

"ಬಿಯುಂಗ್, ನಾನು..." ಕುಸ್ವತಿ ಶುರುಮಾಡಿದಳು. "ಸುಟ್ಟಿದ್ದು ನಾನು. ನನ್ನ ತಪ್ಪು ಮುಚ್ಚೋಕೆ ನಿಮ್ಮ ಗುಟ್ಟು ಹೇಳ್ಬಿಟ್ಟೆ."

"ಹೂಂ. ನಲವತ್ತು ನಿಮಿಷ ಅಂತ ಆವತ್ತೇ ಗೊತ್ತು. ಎದುರಿಗೇ ಗಡಿಯಾರ ಇತ್ತಲ್ಲ."

"ಮತ್ತೆ ಯಾಕೆ ಕರೀಲಿಲ್ಲ?"

"ಸೂಜಿ ಶಿಕ್ಷೆ ಕೊಡ್ತಿದೆ ಅಂದ್ಕೊಂಡೆ. ಕೊಡ್ಲಿ ಅಂತ ಕೂತೆ." ಒಂದು ಕಾಯಿಯನ್ನು ಕೈಗೆತ್ತಿಕೊಂಡು ಸುಮ್ಮನೆ ತಿರುಗಿಸಿದರು. "ಕುಸ್, ಅವರು ತಾವಾಗೇ ಬಂದ್ರು."

ಕುಸ್ವತಿಗೆ ತಕ್ಷಣ ಹೊಳೆಯಲಿಲ್ಲ.

"ನಿನ್ನ ಮಾವ. ಸೂಜಿ ಎಳೀಲಿಲ್ಲ. ಸೂಜಿಯೇ ಇರ್ಲಿಲ್ಲ. ನಿಶ್ಚಯ ಆಗಿದ್ ಹುಡುಗೀನ ತಾವೇ ಬಿಟ್ರು, ಅಪ್ಪನ ಗದ್ದೇನ ತಾವೇ ಬಿಟ್ರು, ತಮ್ಮ ಕಾಲಲ್ಲೇ ನಡ್ಕೊಂಡು ಬಂದ್ರು. ಆಮೇಲೆ ಗದ್ದೆ ನೆನಪಾದಾಗೆಲ್ಲ ನನಗೆ ಹೊಡೆದ್ರು. ತರ್ಸೋನೊ ಹೊಟ್ಟೇಲಿದ್ದಾಗ್ಲೂ ಹೊಡೆದ್ರು. ನಾನು ಒಂದು ಮಾತು ಆಡ್ಲಿಲ್ಲ. ಯಾಕೆ ಹೇಳು? ಕದ್ದೋಳು ನಾನು ಅಂದ್ಕೊಂಡಿದ್ದೆ. ಇನ್ನೊಬ್ಬಳ ಗಂಡನ್ನ, ಇನ್ನೊಬ್ಬರ ಮನೆ ಮಗನ್ನ ಕದ್ದೋಳು. ಕಳ್ಳಿಗೆ ಹೊಡೀದೆ ಇನ್ನೇನು ಮಾಡ್ತಾರೆ? ಕುಣಿಯೋದು ಬಿಡು ಅಂದ್ರು, ಬಿಟ್ಟೆ. ಸಾಯುವಾಗ ಹದಿನೇಳು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ರು, ನನ್ನ ಮುಖ ನೋಡಲ್ಲ ಅಂತ. ನಾನು ಕಾಲು ಒತ್ತಿದೆ."

ದನಿ ಏರಲಿಲ್ಲ, ಇಳಿಯಲಿಲ್ಲ. ಸಂತೆಯಲ್ಲಿ ಏನೇನು ತಂದೆ ಎಂದು ಹೇಳುವವರಂತೆ ಹೇಳಿ ಮುಗಿಸಿದರು. ಕುಸ್ವತಿ ತುರಿಮಣೆಯ ಮೇಲೆ ಕೈ ಇಟ್ಟುಕೊಂಡು ಕೂತಳು.

"ಅವರಿಗೆ ಗೊತ್ತಿತ್ತಾ, ಬಿಯುಂಗ್? ಸೂಜಿ ಇಲ್ಲ ಅಂತ?"

"ಗೊತ್ತಿತ್ತೋ ಇಲ್ವೋ, ಯಾರನ್ನ ಕೇಳ್ಲಿ ಈಗ." ರಸಿನೆಮ್ ಎದ್ದರು. "ಕಾಯಿ ಇಷ್ಟು ಸಾಲಲ್ಲ. ಇನ್ನು ಹತ್ತು ತರಿಸು."

ಸಾವಿರದ ದಿನ ಬಂತು. ಎಡಗೆನ್ನೆಯ ಗಾಯ ಒಣಗಿ ಕಪ್ಪು ಕಲೆಯಾಗಿತ್ತು. ತುಟಿ ಇನ್ನೂ ಓರೆಯಾಗಿಯೇ ಇತ್ತು. ಮತ್ತೆ ಕೆಲಸಕ್ಕೆ ಹತ್ತಿದ್ದ ಗಲಿಹ್ ಇನ್ನೊಂದು ವಾರ ತಡೆದು ಸೊನ್ನೆಯಿಂದ ಶುರುಮಾಡೋಣ ಎಂದು ಹೇಳಿ ಕಳಿಸಿದ್ದ. ಸನ್ವಿರ್ಯನ ಕಡೆಯವರು ಎರಡು ವ್ಯಾನಿನಲ್ಲಿ ಬಂದರು. ಸಂಜೆಯ ಪ್ರಾರ್ಥನೆ ಮುಗಿಸಿ ಗಂಡಸರೆಲ್ಲ ಮುಂದಿನ ಕೋಣೆಯ ಚಾಪೆಗಳ ಮೇಲೆ ತುಂಬಿಕೊಂಡರು. ಹೆಂಗಸರು ಅಡುಗೆಮನೆಯಲ್ಲಿ ಸಾಲಾಗಿ ಕೂತು ಬುಟ್ಟಿಗಳಿಗೆ ಅನ್ನ, ಕೋಳಿ, ಹುರಿದ ಕೊಬ್ಬರಿ, ಮೊಟ್ಟೆ ತುಂಬುತ್ತಿದ್ದರು. ರಸಿನೆಮ್ ಎಲ್ಲರ ನಡುವೆ ಕೂತು ಮೊಟ್ಟೆಯನ್ನು ದಾರದಿಂದ ಎರಡು ಹೋಳು ಮಾಡುತ್ತಿದ್ದರು. ಮುಖ ಮುಚ್ಕೊಳ್ಳಿ ಎಂದು ಮಗ ಕೊಟ್ಟಿದ್ದ ತಲೆವಸ್ತ್ರವನ್ನು ಮಡಚಿ ತೊಡೆಯ ಕೆಳಗೆ ಹಾಕಿಕೊಂಡಿದ್ದರು.

ನಡುಬಾಗಿಲ ಪರದೆಯ ಆಚೆಯಿಂದ ತರ್ಸೋನೊನ ದನಿ ಕೇಳಿಸಿತು. ಐದು ಹೊತ್ತು ಕೂಗಿ ಪಳಗಿದ ದನಿ, ಮನೆಯ ಮೂಲೆಮೂಲೆಗೂ ಬಂತು.

"ಬಂದಿರೋ ಹಿರಿಯರೇ, ನಮ್ಮ ಅಪ್ಪ ಬದುಕಿದ್ದಾಗ ಮಾತಲ್ಲಾಗ್ಲಿ, ನಡತೇಲಾಗ್ಲಿ ಯಾರಿಗಾದ್ರೂ ನೋವು ಮಾಡಿದ್ರೆ, ಇವತ್ತಿಗೆ ಎಲ್ಲಾನೂ ಕ್ಷಮಿಸಿ ಅವರ ದಾರಿ ಹಗುರ ಮಾಡ್ಕೊಡಿ. ಕ್ಷಮಿಸಿದ್ದೀರಾ?"

"ಕ್ಷಮಿಸಿದ್ದೀವಿ," ಎಂದರು ಗಂಡಸರು ಒಕ್ಕೊರಲಿನಿಂದ. ಅಡುಗೆಮನೆಯ ಹೆಂಗಸರೂ ರೂಢಿಯಂತೆ, ಕೈಕೆಲಸ ನಿಲ್ಲಿಸದೆ, "ಕ್ಷಮಿಸಿದ್ದೀವಿ" ಅಂದರು.

"ನಾನು ಕ್ಷಮಿಸಿಲ್ಲ," ಎಂದರು ರಸಿನೆಮ್.

ಜೋರಾಗಿ ಅನ್ನಲಿಲ್ಲ. ಪಕ್ಕದವರಿಗೆ ಉಪ್ಪು ಕೊಡಿ ಎನ್ನುವಷ್ಟೇ ದನಿ. ಆದರೂ ಹೆಂಗಸರೆಲ್ಲರಿಗೂ ಕೇಳಿಸಿತು. ಸನ್ವಿರ್ಯನ ತಂಗಿ ಅನ್ನದ ಚಮಚ ಹಿಡಿದಂತೆಯೇ ಬಾಯಿ ತೆರೆದಳು. ಸೆಪ್ತಿ ಅಜ್ಜಿಯ ಕಡೆ ನೋಡಿ, ತಾಯಿಯ ಕಡೆ ನೋಡಿದಳು. ಪರದೆಯ ಆಚೆ ತರ್ಸೋನೊ ಪ್ರಾರ್ಥನೆ ಮುಂದುವರಿಸಿದ.

"ಹಂಗೆಲ್ಲ ಅನ್ಬಾರ್ದು ಅತ್ತಿಗೆ," ಎಂದಳು ಆ ನಾದಿನಿ ಕೊನೆಗೆ. "ಸತ್ತೋರು. ನಿಮ್ಮ ಮುಖ ಬೇರೆ ಹಿಂಗಾಗಿದೆ. ಅಂದ್ಬಿಡಿ, ಒಂದು ಮಾತು."

"ಈ ಮುಖ ನಂದೇ," ಎಂದರು ರಸಿನೆಮ್, ಇನ್ನೊಂದು ಮೊಟ್ಟೆ ಎತ್ತಿಕೊಳ್ಳುತ್ತ. "ಅನ್ನಲ್ಲ."

ಆ ನಾದಿನಿ ನ್ಯಾಯ ಕೇಳುವಂತೆ ಕುಸ್ವತಿಯ ಕಡೆ ತಿರುಗಿದಳು. "ನೀನಾದ್ರೂ ಹೇಳಮ್ಮ ನಿಮ್ಮತ್ತೆಗೆ."

ಕುಸ್ವತಿ ಕೈಯಲ್ಲಿದ್ದ ಬುಟ್ಟಿಗೆ ಕೋಳಿಯ ತುಂಡು ಇಟ್ಟಳು.

"ನಾನೂ ಅನ್ನಲಿಲ್ಲ," ಎಂದು ಮಾವನ ತಂಗಿಗೆ ಹೇಳಿ ಮುಂದಿನ ಬುಟ್ಟಿ ತೆಗೆದುಕೊಂಡಳು.